ಪಡುವಣ ಗೋಡೆಯ ಲೆಕ್ಕ: ಕರಾವಳಿಯಲ್ಲಿ ಕರೆಂಟು ಉಳಿಸುವ ಮನೆ ಎಂದರೇನು?

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುವುದು ಹಳೆಯ ಮಾತು. 2025ರಲ್ಲಿ ಅದೇ ಶಿವರಾತ್ರಿಯ ವಾರ ಹವಾಮಾನ ಇಲಾಖೆ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತು. ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವ ಮನೋಹರ್ ಲಾಲ್, ಎಸಿಗಳನ್ನು 20ರಿಂದ 28 ಡಿಗ್ರಿಯ ಒಳಗಷ್ಟೇ ಓಡುವಂತೆ ಮಾಡುವ ಯೋಚನೆ ಸರ್ಕಾರಕ್ಕಿದೆ ಎಂದರು. ಅದೇ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು ಮತ್ತು ಮರಳು ಸಿಗದೆ ಮನೆ ಕೆಲಸಗಳು ನಿಂತವು, ಕಾರ್ಮಿಕರು ಬೀದಿಗಿಳಿದರು. ಇವುಗಳ ನಡುವೆ ಮನೆಯ ಮಾಡಿನ ಸೋಲಾರಿಗೆ ಸಹಾಯಧನ ಕೊಡುವ ಪಿಎಂ ಸೂರ್ಯಘರ್ ಜಾಹೀರಾತು, ಗೃಹಜ್ಯೋತಿಯ 200 ಯೂನಿಟ್ ಗಡಿ, ಕಟ್ಟಡಗಳಿಗೆ ಹೊಸ ಇಂಧನ ಸಂಹಿತೆ ಎಂಬ ಸುದ್ದಿ.

ಐದೋ ಹತ್ತೋ ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಲು ಹೊರಟವರಿಗೆ ಈ ಸುದ್ದಿಗಳೆಲ್ಲ ಒಟ್ಟಿಗೆ ಬಂದು ಬಡಿದಿವೆ. ಸೋಲಾರ್ ಹಾಕಿಬಿಟ್ಟರೆ ಎಷ್ಟು ಎಸಿ ಬೇಕಾದರೂ ಓಡಿಸಬಹುದು ಎಂದು ಒಬ್ಬರು ಹೇಳುತ್ತಾರೆ. ಎಎಸಿ ಬ್ಲಾಕು (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಸಿಮೆಂಟ್ ಬ್ಲಾಕು), ಡಬಲ್ ಗ್ಲಾಸು ಹಾಕಿ, ಸಂಹಿತೆಯ ಪ್ರಕಾರ ಹೋಗಿ ಎಂದು ಇನ್ನೊಬ್ಬರು. ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ, ಹಂಚಿನ ಮಾಡು ಬಿಟ್ಟು ಕೆಟ್ಟಿರಿ ಎನ್ನುವುದು ಮನೆಯ ಹಿರಿಯರ ಮಾತು. ಮೂವರ ಮಾತಿನಲ್ಲೂ ಸತ್ಯದ ಪಾಲಿದೆ. ಯಾವ ಪಾಲು ಎಲ್ಲಿಗೆ ಸಲ್ಲುತ್ತದೆ ಎಂದು ತಿಳಿಯಬೇಕಾದರೆ ಮನೆಯೊಳಗೆ ಬಿಸಿ ಬರುವ ದಾರಿಯನ್ನು ಮೊದಲು ನೋಡಬೇಕು.

ಸೆಕೆಯ ಮೂಲ

ಕಲಬುರಗಿಯಲ್ಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟಿದರೂ ಗಾಳಿ ಒಣಗಿರುತ್ತದೆ, ನಸುಕಿನ ಹೊತ್ತಿಗೆ ತಾಪ ಸಾಕಷ್ಟು ಇಳಿದಿರುತ್ತದೆ. ಮಂಗಳೂರಿನಲ್ಲಿ ಅದೇ ತಿಂಗಳು ಹಗಲಿನ ಗರಿಷ್ಠ 34ರ ಆಸುಪಾಸು, ರಾತ್ರಿಯ ಕನಿಷ್ಠ 25–26. ನಡುವಿನ ಅಂತರ ಹತ್ತು ಡಿಗ್ರಿಯೂ ಇಲ್ಲ. ಮೇಲಿಂದ ಗಾಳಿಯ ತುಂಬ ನೀರಾವಿ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ತೇವ ತುಂಬಿದ ಗಾಳಿ ಬೆವರನ್ನು ಆರಲು ಬಿಡುವುದಿಲ್ಲ. ಹಾಗಾಗಿ ಇಲ್ಲಿ ಖರ್ಚಿಲ್ಲದೆ ಸಿಗುವ ದೊಡ್ಡ ಪರಿಹಾರವೆಂದರೆ ಮೈಮೇಲೆ ಹಾಯುವ ಗಾಳಿ.

ಇದರಿಂದ ಒಂದು ಮುಖ್ಯ ಪರಿಣಾಮವಿದೆ. ಬಯಲುಸೀಮೆಯಲ್ಲಿ ದಪ್ಪ ಗೋಡೆ ಹಗಲಿನ ಬಿಸಿಯನ್ನು ಹೀರಿಕೊಂಡು, ತಂಪು ರಾತ್ರಿಯಲ್ಲಿ ಹೊರಗೆ ಬಿಟ್ಟುಬಿಡುತ್ತದೆ. ಕರಾವಳಿಯ ಏಪ್ರಿಲ್–ಮೇ ರಾತ್ರಿಗಳು ಅಷ್ಟು ತಂಪಾಗುವುದಿಲ್ಲವಾದ್ದರಿಂದ ಬಿಸಿಲಿಗೆ ಕಾದ ದಪ್ಪ ಗೋಡೆ, ದಪ್ಪ ಸ್ಲ್ಯಾಬ್ ಆ ಬಿಸಿಯನ್ನು ಮಲಗುವ ಹೊತ್ತಿಗೆ ಕೋಣೆಯೊಳಗೇ ಕಕ್ಕುತ್ತವೆ. ರಾತ್ರಿ ಹತ್ತಕ್ಕೆ ಮಹಡಿಯ ಕೋಣೆಯ ಛಾವಣಿಗೆ ಕೈ ಇಟ್ಟು ನೋಡಿದರೆ ಇದು ಯಾರಿಗೂ ಗೊತ್ತಾಗುತ್ತದೆ. ಇಲ್ಲಿನ ಮೊದಲ ನಿಯಮ, ಬಿಸಿಲು ಗೋಡೆಗೂ ಸ್ಲ್ಯಾಬಿಗೂ ನೇರ ತಾಗದಂತೆ ನೋಡಿಕೊಳ್ಳುವುದು. ಬಿಸಿ ಒಳಗೆ ಬಂದ ಮೇಲೆ ಅದನ್ನು ಹೊರಹಾಕುವ ಉಪಾಯಗಳೆಲ್ಲ ದುಬಾರಿ.

ಫೆಬ್ರವರಿ–ಮಾರ್ಚಿನ ಬಿಸಿಗಾಳಿಯ ಕತೆ ಸ್ವಲ್ಪ ಬೇರೆ. ಕರಾವಳಿಯಲ್ಲಿ ಗರಿಷ್ಠ ತಾಪಮಾನ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. ಆ ದಿನಗಳಲ್ಲಿ ಘಟ್ಟದ ಕಡೆಯಿಂದ ಬೀಸುವ ಒಣ ಮೂಡಣ ಗಾಳಿ ಜೋರಾಗಿ, ಕಡಲ ಗಾಳಿ ದಡಕ್ಕೆ ಬರುವುದು ತಡವಾಗುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮೊದಲೇ ತಲುಪಬೇಕಾದ ತಂಪು ಗಾಳಿ ಬಾರದಿದ್ದರೆ ತಾಪ ಏರುತ್ತಲೇ ಹೋಗುತ್ತದೆ. ಅಂಥ ದಿನ ಬೆಳಗ್ಗೆ ಮೂಡು ಕಿಟಕಿ ಮುಚ್ಚಿ, ಕಡಲ ಗಾಳಿ ಶುರುವಾದ ಮೇಲೆ ಪಡು ಕಿಟಕಿ ತೆರೆಯುವುದು ಕೆಲಸ ಮಾಡುತ್ತದೆ. ಏಪ್ರಿಲ್‌ನಲ್ಲಾದರೆ ಹಗಲಿಡೀ ತೆರೆದಿಡುವುದೇ ಮೇಲು. ಒಂದೇ ಊರಿನ ಒಂದೇ ಮನೆಗೆ ಎರಡು ತಿಂಗಳ ಅಂತರದಲ್ಲಿ ಎರಡು ಕ್ರಮ. ಕಿಟಕಿಗಳು ಗಟ್ಟಿಯಾಗಿ ಮುಚ್ಚುವಂತೆಯೂ ಪೂರ್ತಿ ತೆರೆಯುವಂತೆಯೂ ಇರಬೇಕಾದ್ದು ಇದಕ್ಕೇ.

ಗಾಳಿ, ಬಿಸಿಲು, ಮಳೆ: ಮೂರೂ ಪಡುವಣದಿಂದ

ನಮ್ಮ ಕಡಲು ಪಡುವಣಕ್ಕಿದೆ. ಕರಾವಳಿ ಮನೆಯ ವಿನ್ಯಾಸದ ಗಂಟು ಇರುವುದು ಇಲ್ಲೇ. ಮಧ್ಯಾಹ್ನದ ಕಡಲ ಗಾಳಿ ಪಡುವಿನಿಂದ, ವಾಯವ್ಯದಿಂದ ಬರುತ್ತದೆ. ಇಳಿಹೊತ್ತಿನ ಸುಡುಬಿಸಿಲೂ ಪಡುವಿನಿಂದಲೇ. ಜೂನ್‌ನಲ್ಲಿ ಅಡ್ಡ ಬೀಸುವ ಮಳೆಯ ಹೊಡೆತ ನೈಋತ್ಯದಿಂದ. ಗಾಳಿ ಬೇಕೆಂದು ಆ ಗೋಡೆ ತೆರೆದರೆ ಉಳಿದೆರಡೂ ಒಳಗೆ ಬರುತ್ತವೆ. ಮುಚ್ಚಿದರೆ ಸೆಕೆ.

ಸೂರ್ಯನ ಹಾದಿಯನ್ನೂ ಗಮನಿಸಬೇಕು. ಮಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರವಿದೆ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಕಾರವಾರದಲ್ಲಿ ಮೇ ಆರಂಭಕ್ಕೆ. ಸೆಕೆ ತೀರಾ ಹೆಚ್ಚಿರುವ ಆ ವಾರಗಳಲ್ಲಿ ತೆಂಕು ಗೋಡೆಗೂ ಬಡಗು ಗೋಡೆಗೂ ಬೀಳುವ ಬಿಸಿಲು ಅಲ್ಪ. ಹೊರೆಯೆಲ್ಲ ಮಾಡಿನ ಮೇಲೆ. ಬೆಳಗ್ಗೆ ಮೂಡು ಗೋಡೆ, ಸಂಜೆ ಪಡು ಗೋಡೆ. ಇವೆರಡರಲ್ಲಿ ಪಡು ಗೋಡೆಯೇ ಹೆಚ್ಚು ಕಾಡುವುದು. ಗಾಳಿ ಆಗಲೇ ಬಿಸಿಯಾಗಿರುವ ಹೊತ್ತಿಗೆ ಅದಕ್ಕೆ ಬಿಸಿಲು ಬೀಳುತ್ತದೆ, ರಾತ್ರಿಗೆ ಸ್ವಲ್ಪ ಮೊದಲು.

ಸಂಜೆ ನಾಲ್ಕರ ಮೇಲಿನ ಬಿಸಿಲು ಇಳಿಜಾರಾಗಿ ಬರುತ್ತದೆ. ಕಿಟಕಿಯ ಮೇಲೆ ಒಂದೂವರೆ ಅಡಿಯ ಸಜ್ಜಾ ಹಾಕಿದರೆ ಅದನ್ನು ತಡೆಯಲಾಗದು. ಹಳೆಯ ಗುತ್ತಿನ ಮನೆಗಳು (ತುಳುನಾಡಿನ ದೊಡ್ಡ ಮನೆತನದ ಮನೆಗಳು) ಇದಕ್ಕೆ ಕೊಟ್ಟ ಉತ್ತರ ಕೆಳಗಿನವರೆಗೆ ಇಳಿದ ಮಾಡು, ಅದರಡಿಯಲ್ಲಿ ಅಗಲದ ಜಗಲಿ. ಮಳೆಗಾಲದಲ್ಲಿ ಅದರ ಹೊರ ಅಂಚಿಗೆ ತೆಂಗಿನ ಮಡಲಿನ ತಟ್ಟಿ. ಗಾಳಿ ಸಂದಿನಲ್ಲಿ ನುಸುಳುತ್ತಿತ್ತು, ಬಿಸಿಲೂ ಇರಿಚಲೂ ಜಗಲಿಯಲ್ಲೇ ನಿಲ್ಲುತ್ತಿದ್ದವು. ಈಗಿನ ಮನೆಯಲ್ಲಿ ಅದೇ ಕೆಲಸವನ್ನು ಪಡು ಬದಿಯ ಬಾಲ್ಕನಿ, ಸಿಮೆಂಟು ಅಥವಾ ಮಣ್ಣಿನ ಜಾಲಿ, ಬೇಕೆಂದಾಗ ತೆರೆದು ಮುಚ್ಚುವ ಲೂವರ್ ಬಾಗಿಲು ಮಾಡಬಲ್ಲವು. ಮೆಟ್ಟಿಲು, ಬಚ್ಚಲು, ಸ್ಟೋರ್ ರೂಮನ್ನು ನೈಋತ್ಯಕ್ಕೆ ತಳ್ಳಿ, ವಾಯವ್ಯವನ್ನು ಗಾಳಿಗೆ ಬಿಡುವುದೂ ಒಂದು ದಾರಿ. ವಾಸ್ತು ಹೇಳುವವರು ನೈಋತ್ಯ ಮುಚ್ಚಿರಲಿ ಎನ್ನುತ್ತಾರೆ. ನಮ್ಮ ಮಳೆಯ ದಿಕ್ಕೂ ಅದನ್ನೇ ಕೇಳುತ್ತದೆ. ಆದರೆ ಇಡೀ ಪಡು ಗೋಡೆಯನ್ನೇ ಮುಚ್ಚಿಬಿಟ್ಟರೆ ಕಡಲ ಗಾಳಿಯನ್ನು ಕಳೆದುಕೊಂಡಂತೆ.

ಕಡಲು ಕಾಣಬೇಕೆಂದು ನೆಲದಿಂದ ಛಾವಣಿಯವರೆಗೆ ಗಾಜು ಹಾಕುವ ಹೊಸ ವಿಲ್ಲಾಗಳ ಬಗ್ಗೆ ಇಲ್ಲೇ ಹೇಳಬೇಕು. ತೆರೆಯಲಾಗದ ಗಾಜು ಬಿಸಿಲನ್ನು ಒಳಗೆ ಬಿಟ್ಟು ಗಾಳಿಯನ್ನು ಹೊರಗೆ ನಿಲ್ಲಿಸುತ್ತದೆ. ಬೇಕಾದ್ದರ ನೇರ ವಿರುದ್ಧ. ಒಳಗಿನ ಪರದೆ ಎಳೆದರೂ ಬಿಸಿ ಆಗಲೇ ಗಾಜು ದಾಟಿರುತ್ತದೆ. ತಡೆ ಗಾಜಿನ ಹೊರಗಡೆ ಇರಬೇಕು.

ಮಾಡಿನ ಪ್ರಶ್ನೆ

ಬಿಸಿಲಿನ ಹೆಚ್ಚಿನ ಪಾಲು ಮಾಡಿಗೆ ಬೀಳುವುದಾದರೆ ಹಣದ ಮೊದಲ ಪಾಲೂ ಅಲ್ಲಿಗೇ ಹೋಗಬೇಕು. ಬರಿಯ ಆರ್‌ಸಿಸಿ ಸ್ಲ್ಯಾಬ್ ಬಿಸಿಯನ್ನು ಸುಲಭವಾಗಿ ಒಳಬಿಡುತ್ತದೆ. ಇದನ್ನು ಅಳೆಯುವ ಯು-ಮೌಲ್ಯ ಎಂಬ ಅಂಕಿ (ಕಡಿಮೆಯಿದ್ದಷ್ಟೂ ಒಳ್ಳೆಯದು) ಸಾಮಾನ್ಯ ಸ್ಲ್ಯಾಬಿಗೆ 3ರ ಆಚೆಈಚೆ ಇರುತ್ತದೆ. ಕೇಂದ್ರದ ವಸತಿ ಸಂಹಿತೆ ಕೇಳುವುದು 1.2ಕ್ಕಿಂತ ಕಡಿಮೆ.

ಬಿಳಿ ಪೇಂಟ್ ಹೊಡೆಯಿರಿ ಎನ್ನುವುದು ಸುಲಭದ ಸಲಹೆ. ಒಣ ಊರುಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯಲ್ಲಿ ನಾಲ್ಕು ತಿಂಗಳ ಮಳೆ ಕಳೆಯುವಷ್ಟರಲ್ಲಿ ಬಿಳಿ ಛಾವಣಿ ಪಾಚಿ ಕಟ್ಟಿ ಕಪ್ಪಾಗುತ್ತದೆ, ಬೆಳಕನ್ನು ಹಿಂದಕ್ಕೆ ಎಸೆಯುವ ಗುಣ ಹೋಗುತ್ತದೆ. ಪ್ರತಿ ನವೆಂಬರಿನಲ್ಲಿ ಉಜ್ಜಿ ತೊಳೆಯುವ ಮನಸ್ಸಿದ್ದವರಿಗೆ ಮಾತ್ರ ಅದು ಸರಿ.

ಇಲ್ಲಿನ ಜನ ತಾವಾಗಿಯೇ ಕಂಡುಕೊಂಡ ದಾರಿ ಟೆರೇಸಿನ ಮೇಲಿನ ಶೀಟು. ಸೋರುವುದನ್ನು ತಡೆಯಲು, ಬಟ್ಟೆ ಮತ್ತು ಅಡಿಕೆ ಒಣಗಿಸಲು ಹಾಕಿದ್ದು ಅದು. ನೋಡಲು ಚಂದವಿಲ್ಲ ಎಂದು ವಾಸ್ತುಶಿಲ್ಪಿಗಳು ಮೂಗು ಮುರಿಯುತ್ತಾರೆ. ಆದರೆ ಭೌತಶಾಸ್ತ್ರದ ಕಣ್ಣಿನಿಂದ ನೋಡಿದರೆ ಸ್ಲ್ಯಾಬಿಗೆ ನೆರಳು ಕೊಡುವ ಎರಡನೇ ಮಾಡು ಅದು. ನಡುವೆ ಗಾಳಿ ಓಡಾಡುತ್ತದೆ, ಸ್ಲ್ಯಾಬು ಕಾಯುವುದೇ ಇಲ್ಲ. ಷರತ್ತು ಎರಡು. ಸುತ್ತಲೂ ತೆರೆದಿರಬೇಕು, ಬದಿಗಳನ್ನು ಮುಚ್ಚಿ ಕೋಣೆ ಮಾಡಿಕೊಂಡರೆ ಅದೇ ಜಾಗ ಬಿಸಿಗಾಳಿಯನ್ನು ಕೂಡಿಹಾಕುತ್ತದೆ. ಬಣ್ಣ ತಿಳಿಯಾಗಿರಬೇಕು, ಕಡುನೀಲಿ, ಕಡುಕೆಂಪು ಶೀಟು ಬಿಸಿಯನ್ನು ಕೆಳಮುಖವಾಗಿ ಹೊಮ್ಮಿಸುತ್ತದೆ. ಉಪ್ಪುಗಾಳಿಗೆ ತುಕ್ಕು ಹಿಡಿಯದ ಲೇಪನದ ಶೀಟು, ಸ್ಕ್ರೂ ಆಯ್ಕೆ ಮಾಡುವುದೂ ಮುಖ್ಯ.

ಇನ್ನೊಂದು ಗೊಂದಲ ಹಂಚಿನದು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಊರಿನ ಹೆಸರು ಹಂಚಿನ ಜೊತೆಗೇ ಅಂಟಿಕೊಂಡಿತು. ಹಂಚಿನ ಮಾಡು ತಂಪಾಗಿರುತ್ತಿದ್ದುದಕ್ಕೆ ಕಾರಣ ಬರೀ ಮಣ್ಣಿನ ಗುಣವಲ್ಲ. ಹಂಚು ಹಂಚಿನ ಸಂದಿನಿಂದ ಬಿಸಿಗಾಳಿ ಹೊರಹೋಗುತ್ತಿತ್ತು, ಕೆಳಗೆ ಮರದ ಮುಚ್ಚಿಗೆ, ನಡುವೆ ಅಟ್ಟದ ಖಾಲಿ ಜಾಗ. ಈಗ ಇಳಿಜಾರು ಸ್ಲ್ಯಾಬ್ ಹಾಕಿ ಅದರ ಮೇಲೆ ಗಾರೆಯಲ್ಲಿ ಅಂಟಿಸುವ ಹಂಚಿಗೆ ಆ ಸಂದೂ ಇಲ್ಲ, ಅಟ್ಟವೂ ಇಲ್ಲ. ಹೊರನೋಟ ಹಳೆಯ ಮನೆಯದು, ಒಳಗಿನ ಸೆಕೆ ಸ್ಲ್ಯಾಬಿನದು. ರೀಪು (ಮರದ ಪಟ್ಟಿ) ಹೊಡೆದು, ಕೆಳಗೆ ಗಾಳಿ ಆಡುವಂತೆ ಎತ್ತರಿಸಿ ಹಂಚು ಹೊದಿಸಿದರೆ ವ್ಯತ್ಯಾಸ ಕಾಣುತ್ತದೆ.

ಕೆಂಪುಕಲ್ಲಿನ ಅರ್ಧ ಸತ್ಯ

ಕೆಂಪುಕಲ್ಲಿನ ಮನೆ ತಂಪು ಎನ್ನುವುದು ಕರಾವಳಿಯ ಗಟ್ಟಿ ನಂಬಿಕೆ. ದಪ್ಪ ಗೋಡೆಗೆ ಅಗಲದ ಮಾಡಿನ ನೆರಳು ಇದ್ದಾಗ ಅದು ನಿಜವಾಗಿತ್ತು. ಅದೇ ಕಲ್ಲನ್ನು ಮಾಡಿನ ಚಾಚೇ ಇಲ್ಲದ ಪೆಟ್ಟಿಗೆಯಂಥ ಮನೆಗೆ ಬಳಸಿ, ಚಂದಕ್ಕೆಂದು ಗಾರೆ ಮಾಡದೆ ಬಿಟ್ಟರೆ ಮೇ ತಿಂಗಳಲ್ಲಿ ಕಾಯುತ್ತದೆ, ಜುಲೈಯಲ್ಲಿ ನೀರು ಕುಡಿಯುತ್ತದೆ. ತಂಪಿನ ಕೀರ್ತಿ ಕಲ್ಲಿಗೆ ಹೋಯಿತು, ಕೆಲಸ ಮಾಡಿದ್ದು ನೆರಳು.

ಹಾಗೆಂದು ಕೆಂಪುಕಲ್ಲನ್ನು ತಳ್ಳಿಹಾಕುವಂತಿಲ್ಲ. ಸುಡದೆ, ನೆಲದಿಂದ ಕಡಿದು ತೆಗೆಯುವ ಕಲ್ಲಿದು. ಇಟ್ಟಿಗೆಗೆ ಭಟ್ಟಿ ಬೇಕು, ಸಿಮೆಂಟ್ ಬ್ಲಾಕಿಗೆ ಸಿಮೆಂಟ್ ಬೇಕು, ಇದಕ್ಕೆ ಎರಡೂ ಬೇಡ. ಹತ್ತಿರದ ಪಣೆಯಿಂದ (ಕಲ್ಲಿನ ಕೋರೆಯಿಂದ) ಬಂದರೆ ಸಾಗಾಟದ ಡೀಸೆಲ್ಲೂ ಕಡಿಮೆ. ಇದಕ್ಕೆದುರಾಗಿ, ಮುಚ್ಚದೆ ಬಿಟ್ಟ ಪಣೆಗಳಲ್ಲಿ ಮಳೆನೀರು ನಿಂತು ಜೀವಗಳು ಹೋಗಿವೆ, ಗುಡ್ಡಗಳು ಬೋಳಾಗಿವೆ. ಅಕ್ರಮ ಗಣಿಗಾರಿಕೆ ತಡೆಯಲೇಬೇಕು ಎನ್ನುವವರದ್ದು ಪರಿಸರದ ಕಾಳಜಿ. ಕಾನೂನುಬದ್ಧ ಪರವಾನಗಿಯನ್ನು ಬೇಗ, ಕೈಗೆಟಕುವ ರಾಜಧನದಲ್ಲಿ ಕೊಡಿ ಎನ್ನುವವರದ್ದು ಹೊಟ್ಟೆಪಾಡಿನ ಪ್ರಶ್ನೆ. ಇಬ್ಬರ ಬೇಡಿಕೆಯೂ ಒಟ್ಟಿಗೆ ಈಡೇರಬಲ್ಲದು. ಪಣೆ ಮುಚ್ಚಿಸುವ ಹೊಣೆಯನ್ನು ಪರವಾನಗಿಯೊಳಗೇ ಬಿಗಿಯಾಗಿ ಸೇರಿಸಬೇಕು ಅಷ್ಟೆ.

ಕಲ್ಲು ಸಿಗದಿದ್ದಾಗ ಜನ ಸಿಮೆಂಟ್ ಬ್ಲಾಕಿಗೆ ಹೋಗುತ್ತಾರೆ. ಕೊರತೆಯ ಪರಿಣಾಮ ಹೀಗೆ ಮನೆಯ ಸೆಕೆಯವರೆಗೂ ತಲುಪುತ್ತದೆ, ಏಕೆಂದರೆ ತೆಳುವಾದ ಘನ ಬ್ಲಾಕಿನ ಗೋಡೆ ಬಿಸಿಯನ್ನು ಇನ್ನೂ ಬೇಗ ದಾಟಿಸುತ್ತದೆ. ಎಎಸಿ ಬ್ಲಾಕು ಬಿಸಿ ತಡೆಯುವುದರಲ್ಲಿ ಒಳ್ಳೆಯದು, ನೀರನ್ನು ಹೀರುವುದರಲ್ಲೂ ಮುಂದು. ಹೊರಗಾರೆ ಬಿರುಕು ಬಿಟ್ಟರೆ ನಮ್ಮ ಮಳೆಗೆ ಅದು ತಡೆಯುವುದಿಲ್ಲ. ಮನೆಗೆ ಅಡಿಪಾಯ ತೋಡುವಾಗ ಸಿಗುವ ಕೆಂಪು ಮಣ್ಣಿಗೇ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತುವ ಮಣ್ಣಿನ ಬ್ಲಾಕುಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ದಶಕಗಳ ಹಿಂದೆಯೇ ರೂಪಿಸಿಕೊಟ್ಟಿದೆ. ಚಾಚಿದ ಮಾಡಿನ ಕೆಳಗೆ ಅದು ಕರಾವಳಿಗೂ ಒಗ್ಗುತ್ತದೆ. ಅದನ್ನು ಒತ್ತಲು ಬಲ್ಲ ಮೇಸ್ತ್ರಿಗಳು ಈ ಭಾಗದಲ್ಲಿ ಕಡಿಮೆ ಎನ್ನುವುದೇ ಅಡ್ಡಿ.

ಸಂಹಿತೆ ಯಾರಿಗೆ?

ಇಂಧನ ದಕ್ಷತಾ ಬ್ಯೂರೋ 2018ರ ಡಿಸೆಂಬರಿನಲ್ಲಿ ವಸತಿ ಕಟ್ಟಡಗಳಿಗೆ ಇಕೋ ನಿವಾಸ್ ಸಂಹಿತೆ ಹೊರತಂದಿತು. ಅದು 500 ಚದರ ಮೀಟರ್ ಅಥವಾ ಹೆಚ್ಚಿನ ನಿವೇಶನಗಳನ್ನು ಗುರಿಯಾಗಿಸಿಕೊಂಡಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು ಹನ್ನೆರಡೂಕಾಲು ಸೆಂಟ್ಸ್. 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಕಾಯ್ದೆ ವಸತಿ ಕಟ್ಟಡಗಳನ್ನೂ ತನ್ನ ವ್ಯಾಪ್ತಿಗೆ ತಂದಿತು, ಆದರೆ 100 ಕಿಲೋವ್ಯಾಟ್‌ನಷ್ಟು ವಿದ್ಯುತ್ ಹೊರೆ ಇರುವಂಥವನ್ನು. ಅದು ಅಪಾರ್ಟ್‌ಮೆಂಟುಗಳ ಪ್ರಮಾಣ. 2024ರಲ್ಲಿ ಸಂಹಿತೆ ಪರಿಷ್ಕರಣೆಯಾಯಿತು ಎಂಬ ಸುದ್ದಿ ಓದಿ ಐದು ಸೆಂಟ್ಸಿನ ಮನೆಯವರು ಗಾಬರಿಯಾಗಬೇಕಿಲ್ಲ.

ಕಡ್ಡಾಯವಲ್ಲದಿದ್ದರೂ ಅದರಲ್ಲಿ ಕಲಿಯುವುದಿದೆ. ಗೋಡೆ ಮತ್ತು ಕಿಟಕಿಗಳ ಮೂಲಕ ಬರುವ ಬಿಸಿಯ ಸರಾಸರಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎನ್ನುತ್ತದೆ. ನಮ್ಮದು ಸಂಹಿತೆಯ ಪ್ರಕಾರ ಬೆಚ್ಚನೆಯ ತೇವದ ಹವಾಮಾನ. ಇದಕ್ಕೆ ಅದು ಹೇಳುವ ಇನ್ನೊಂದು ಮಾತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉಪಯುಕ್ತ: ತೆರೆಯಬಲ್ಲ ಕಿಟಕಿ–ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಆರನೇ ಒಂದು ಪಾಲಾದರೂ ಇರಬೇಕು. ಒಣಬಿಸಿಲಿನ ಊರುಗಳಿಗೆ ಹತ್ತನೇ ಒಂದು ಪಾಲು ಸಾಕು.

ಇಲ್ಲಿ ತೆರೆಯಬಲ್ಲ ಎಂಬ ಷರತ್ತು ಗಮನಿಸಿ. ಸಾವಿರ ಚದರಡಿಗೆ ಸುಮಾರು 167 ಚದರಡಿ ತೆರೆದ ಜಾಗ ಬೇಕು. ನಾಲ್ಕಡಿ–ನಾಲ್ಕಡಿಯ ಕಿಟಕಿ ರೆಕ್ಕೆಯಂತೆ ಪೂರ್ತಿ ತೆರೆದುಕೊಳ್ಳುವುದಾದರೆ ಹನ್ನೊಂದು ಕಿಟಕಿಗಳಲ್ಲಿ ಲೆಕ್ಕ ಮುಗಿಯಿತು. ಈಗ ಎಲ್ಲೆಡೆ ಕಾಣುವ ಸ್ಲೈಡಿಂಗ್ ಕಿಟಕಿ ತೆರೆದುಕೊಳ್ಳುವುದು ಅರ್ಧ ಮಾತ್ರ, ಆಗ ಇಪ್ಪತ್ತೊಂದು ಬೇಕು. ಅದಕ್ಕೆ ಸೊಳ್ಳೆ ಪರದೆ ಸೇರಿದರೆ ಗಾಳಿ ಇನ್ನೂ ಕುಗ್ಗುತ್ತದೆ, ಮಲೇರಿಯಾ–ಡೆಂಗಿ ಇರುವ ಊರಿನಲ್ಲಿ ಪರದೆ ಬಿಡುವಂತೆಯೂ ಇಲ್ಲ. ಸ್ಲೈಡಿಂಗ್ ಬಿಟ್ಟು ಪೂರ್ತಿ ತೆರೆಯುವ ಕಿಟಕಿಗೆ ಮರಳುವುದು ಬಹುಶಃ ಈ ಇಡೀ ವಿಷಯದಲ್ಲಿ ಅತಿ ಕಡಿಮೆ ಖರ್ಚಿನ ಬದಲಾವಣೆ. ಬಂದ ಗಾಳಿಗೆ ಎದುರು ಗೋಡೆಯಲ್ಲಿ ಹೊರಹೋಗುವ ದಾರಿ ಇರಬೇಕು ಎನ್ನುವುದನ್ನೂ ಮರೆಯಬಾರದು. ಒಂದೇ ಬದಿಯ ಕಿಟಕಿ ಎಷ್ಟು ದೊಡ್ಡದಿದ್ದರೂ ಗಾಳಿ ಓಡುವುದಿಲ್ಲ.

ಎಸಿ ಬೇಕಾದರೆ ಎಲ್ಲಿ, ಹೇಗೆ

ಎಸಿ ಬೇಡವೇ ಬೇಡ ಎನ್ನುವ ವಾದ ಮನೆಯಲ್ಲಿ ವಯಸ್ಸಾದವರು, ಹಸುಗೂಸು ಇದ್ದಾಗ ನಿಲ್ಲುವುದಿಲ್ಲ. ತೊಡಕು ಬೇರೆಡೆ ಇದೆ. ಗಾಳಿಗೆ ತೆರೆದ ಮನೆ ಎಸಿಗೆ ಸೋರುವ ಮನೆ. ಕರಾವಳಿಯಲ್ಲಿ ಎಸಿ ತನ್ನ ಶಕ್ತಿಯ ದೊಡ್ಡ ಪಾಲನ್ನು ಗಾಳಿಯ ನೀರು ಹಿಂಡಲು ಬಳಸುತ್ತದೆ, ಹೊರಗಿನ ತೇವ ಸಂದಿನಿಂದ ಬರುತ್ತಲೇ ಇದ್ದರೆ ಹಿಂಡಿ ಮುಗಿಯುವುದೇ ಇಲ್ಲ. ಆದ್ದರಿಂದ ಇಡೀ ಮನೆಯನ್ನು ಗಾಳಿಗೆ ಬಿಟ್ಟು, ಒಂದೋ ಎರಡೋ ಮಲಗುವ ಕೋಣೆಗಳನ್ನು ಮಾತ್ರ ಗಟ್ಟಿಯಾಗಿ ಮುಚ್ಚುವಂತೆ, ಆ ಕೋಣೆಯ ಸ್ಲ್ಯಾಬಿಗೆ ಮತ್ತು ಹೊರಗೋಡೆಗೆ ಬಿಸಿತಡೆ ಹಾಕಿ ಕಟ್ಟುವುದು ಜಾಣತನ. ಆ ಕೋಣೆ ಪಡು ಮೂಲೆಯಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

20–28ರ ಚರ್ಚೆಗೆ ಕರಾವಳಿಯಲ್ಲಿ ಬೇರೆ ಅರ್ಥವೂ ಇದೆ. ಏಪ್ರಿಲ್–ಮೇ ತಿಂಗಳ ನಮ್ಮ ಗಾಳಿಯ ನೀರಾವಿ 25 ಡಿಗ್ರಿಯ ಸುಮಾರಿಗೆ ತಂಪಾದರೇ ನೀರಾಗತೊಡಗುತ್ತದೆ. ಎಸಿಯನ್ನು 20ಕ್ಕೆ ಇಟ್ಟ ಕೋಣೆಯ ಗೋಡೆ, ಕಪಾಟು 25ಕ್ಕಿಂತ ತಣ್ಣಗಾಗಿರುತ್ತವೆ. ಬಾಗಿಲು ತೆರೆದಾಗ ನುಗ್ಗಿದ ಗಾಳಿ ಅವುಗಳ ಮೇಲೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. 26ರಲ್ಲಿ ಇಟ್ಟು ಫ್ಯಾನ್ ಹಾಕಿಕೊಂಡರೆ ಮೈಗೆ ಅಷ್ಟೇ ಹಿತ, ಕರೆಂಟೂ ಉಳಿಯುತ್ತದೆ, ಗೋಡೆಯೂ.

ಫ್ಯಾನಿನ ಲೆಕ್ಕವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಹಳೆಯ ಫ್ಯಾನ್ 75 ವ್ಯಾಟ್ ತಿಂದರೆ ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಐದು ಫ್ಯಾನುಗಳು ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಮನೆಯಲ್ಲಿ ತಿಂಗಳಿಗೆ ಸುಮಾರು 80 ಯೂನಿಟ್ ಉಳಿತಾಯ. ಕರಾವಳಿಯಲ್ಲಿ ಫ್ಯಾನ್ ವರ್ಷದ ಬಹುಪಾಲು ತಿರುಗುತ್ತಲೇ ಇರುತ್ತದೆ.

ಸೋಲಾರ್ ಎಲ್ಲವನ್ನೂ ಸರಿದೂಗಿಸುತ್ತದೆಯೇ?

2024ರ ಫೆಬ್ರವರಿಯಲ್ಲಿ ಶುರುವಾದ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರು ಅಥವಾ ಹೆಚ್ಚಿಗೆ ಒಟ್ಟು 78,000 ರೂಪಾಯಿ ಸಹಾಯಧನ ಸಿಗುತ್ತದೆ. ಒಂದು ಕಿಲೋವ್ಯಾಟಿನ ಫಲಕಗಳು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತವೆ ಎಂದಿಟ್ಟುಕೊಂಡರೆ, ಮೂರು ಕಿಲೋವ್ಯಾಟಿನಿಂದ ತಿಂಗಳಿಗೆ 360 ಯೂನಿಟ್. ಮಳೆಗಾಲದ ತಿಂಗಳುಗಳಲ್ಲಿ ಇದು ತೀರಾ ಇಳಿಯುತ್ತದೆ. ಫಲಕದ ಕೆಳಗಿನ ಸ್ಲ್ಯಾಬಿಗೆ ನೆರಳು ಸಿಗುವುದು ಹೆಚ್ಚುವರಿ ಲಾಭ.

ವರ್ಷದ ಒಟ್ಟು ಲೆಕ್ಕ ಸರಿಹೋಗುತ್ತದೆ, ಗಂಟೆಯ ಲೆಕ್ಕ ಹೋಗುವುದಿಲ್ಲ. ಫಲಕ ಕೆಲಸ ಮಾಡುವುದು ಹಗಲಲ್ಲಿ, ಮಲಗುವ ಕೋಣೆಯ ಎಸಿ ಓಡುವುದು ರಾತ್ರಿಯಲ್ಲಿ. ಹಗಲು ಗ್ರಿಡ್‌ಗೆ ಕೊಟ್ಟು ರಾತ್ರಿ ಗ್ರಿಡ್‌ನಿಂದ ಪಡೆಯುತ್ತೇವೆ. ರಾತ್ರಿ ಬರುವ ಕರೆಂಟಿನ ಹಿಂದೆ ಎಲ್ಲೋ ಕಲ್ಲಿದ್ದಲು ಉರಿಯುತ್ತಿರುತ್ತದೆ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲೇ 1,200 ಮೆಗಾವ್ಯಾಟಿನ ಆಮದು ಕಲ್ಲಿದ್ದಲಿನ ಸ್ಥಾವರವಿದೆ. ಹಾಗಾಗಿ ಪಡು ಗೋಡೆಗೆ ನೆರಳು ಕೊಟ್ಟು ರಾತ್ರಿಯ ಎಸಿಯನ್ನು ಎರಡು ಗಂಟೆ ಕಡಿಮೆ ಮಾಡಿದ ಮನೆ, ಇನ್ನೊಂದು ಕಿಲೋವ್ಯಾಟ್ ಫಲಕ ಸೇರಿಸಿದ ಮನೆಗಿಂತ ಹೆಚ್ಚಿನ ಉಪಕಾರ ಮಾಡಿದೆ ಎನ್ನಬೇಕು.

ಗೃಹಜ್ಯೋತಿ ಇದಕ್ಕೆ ಇನ್ನೊಂದು ತಿರುವು ಕೊಟ್ಟಿದೆ. 2023ರಲ್ಲಿ ಯೋಜನೆ ಬಂದಾಗ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಉಚಿತ ಮಿತಿ ನಿಗದಿಯಾಯಿತು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಬಳಕೆಯ ದಾಖಲೆಯಿಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ. 10. ಇದರಿಂದ ಎರಡು ಪರಿಣಾಮ. ಉಚಿತ ಮಿತಿಯೊಳಗೆ ಇರುವವರಿಗೆ ಫ್ಯಾನ್ ಬದಲಿಸಿ 80 ಯೂನಿಟ್ ಉಳಿಸಿದರೂ ಜೇಬಿಗೆ ಏನೂ ಬರುವುದಿಲ್ಲ. 190ರಿಂದ 210ಕ್ಕೆ ಹೋದವರಿಗೆ ಮಾತ್ರ ಒಮ್ಮೆಲೇ ಹೊಡೆತ. ಬಡವರ ಮನೆಯ ಬೆಳಕಿಗೆ ಈ ಯೋಜನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿಸಿದವರಿಗೂ ಸಣ್ಣ ಲಾಭ ಸಿಗುವಂತೆ ಅದನ್ನು ತಿದ್ದುವುದು ಕಷ್ಟದ ಕೆಲಸವೇನಲ್ಲ.

ಉಪ್ಪು ತಿನ್ನುವ ಮನೆ

ಸುಸ್ಥಿರ ಮನೆಯ ಮಾತಿನಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಮನೆಯ ಆಯುಷ್ಯ. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಕಬ್ಬಿಣ ಮುಟ್ಟಿದರೆ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಕಾಂಕ್ರೀಟು ಹೊಪ್ಪಳಿಕೆಯಾಗಿ ಬೀಳುತ್ತದೆ. ಸಿಮೆಂಟು ಮತ್ತು ಉಕ್ಕು ತಯಾರಿಸಲು ಸುಟ್ಟ ಇಂಧನವೆಲ್ಲ ಆ ಮನೆಯ ಲೆಕ್ಕಕ್ಕೆ ಸೇರುತ್ತದೆ. ಅರವತ್ತು ವರ್ಷ ಬಾಳಬೇಕಾದದ್ದು ಇಪ್ಪತ್ತೈದಕ್ಕೆ ಕೆಡವಬೇಕಾದರೆ ಆ ಸಾಲ ಎರಡು ಪಟ್ಟಿಗೂ ಮೀರಿ ಏರುತ್ತದೆ.

ಭಾರತೀಯ ಮಾನಕ ಐಎಸ್ 456, ಕರಾವಳಿ ವಾತಾವರಣಕ್ಕೆ ತೆರೆದ ಕಾಂಕ್ರೀಟನ್ನು ತೀವ್ರ ಎಂಬ ವರ್ಗಕ್ಕೆ ಸೇರಿಸುತ್ತದೆ. ಅದಕ್ಕೆ ಬೇಕಾದ್ದು ಕನಿಷ್ಠ ಎಂ30 ದರ್ಜೆಯ ಗಟ್ಟಿತನ (ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟು ಗಟ್ಟಿ), ಕಬ್ಬಿಣದ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ. ಒಳನಾಡಿನ ಸಾಮಾನ್ಯ ಮನೆಗೆ ಎಂ20, 20 ಮಿಲಿಮೀಟರ್ ಸಾಕಾಗುತ್ತದೆ. ಕಡಲ ಬದಿಯಲ್ಲೂ ಅದನ್ನೇ ಮುಂದುವರಿಸುವುದು ತಪ್ಪು. ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟ್ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ, ಅದರ ಇಂಗಾಲದ ಹೊರೆಯೂ ಕಡಿಮೆ. ಅಳಿವೆ ಬಾಗಿಲಿನ (ನದಿ ಕಡಲು ಸೇರುವಲ್ಲಿನ) ಮರಳು ಬಂದರೆ ಕ್ಲೋರೈಡ್, ಅಂದರೆ ಉಪ್ಪಿನಂಶದ ಪರೀಕ್ಷೆ ಮಾಡಿಸದೆ ಬಳಸಬಾರದು. ಮರಳಿನ ಕೊರತೆ ಇದ್ದಾಗ ಈ ಎಚ್ಚರವೇ ಮೊದಲು ಜಾರುವುದು.

ನೀರು, ದಂಡೆ

ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಸುರಿದರೆ ನೂರು ಚದರ ಮೀಟರಿನ ಮಾಡಿಗೆ ಬೀಳುವ ನೀರು ಮೂರೂವರೆ ಲಕ್ಷ ಲೀಟರ್. ಆದರೂ ಮಂಗಳೂರು ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನ ಮಟ್ಟ ನೋಡುತ್ತಾ, ಉಡುಪಿ ಬಜೆಯ ಮಟ್ಟ ನೋಡುತ್ತಾ ಕೂರುತ್ತವೆ. ಮಾಡಿನ ನೀರನ್ನು ಸೋಸಿ ಬಾವಿಗೆ ಬಿಟ್ಟರೆ ಸಿಹಿನೀರಿನ ಒತ್ತಡ ಉಪ್ಪುನೀರನ್ನು ಹಿಂದಕ್ಕೆ ಹಿಡಿದಿಡುತ್ತದೆ, ಪಂಪಿನ ಕರೆಂಟೂ ಉಳಿಯುತ್ತದೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದರೆ ನೀರು ಚರಂಡಿಗೆ ಹೋಗುತ್ತದೆ, ಜೊತೆಗೆ ಕಾದ ಹಾಸಿನಿಂದ ಬಿಸಿಗಾಳಿ ಕಿಟಕಿಗೆ ಬರುತ್ತದೆ.

ದಂಡೆಗೆ ಅಂಟಿದ ಜಾಗವಾದರೆ ಎಲ್ಲಕ್ಕೂ ಮೊದಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆ ನೋಡಬೇಕು. 2019ರ ಅಧಿಸೂಚನೆಯಂತೆ ಗ್ರಾಮೀಣ ಕರಾವಳಿಯಲ್ಲಿ ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿದ್ದರೆ ನಿರ್ಮಾಣ ನಿಷೇಧ ವಲಯ ಭರತರೇಖೆಯಿಂದ (ಉಬ್ಬರದ ನೀರು ಮುಟ್ಟುವ ಗೆರೆಯಿಂದ) 50 ಮೀಟರ್, ಉಳಿದೆಡೆ 200 ಮೀಟರ್. 50 ಮೀಟರ್ ಎಂದ ಮಾತ್ರಕ್ಕೆ 51ನೇ ಮೀಟರು ಸುರಕ್ಷಿತ ಎಂದಲ್ಲ. ಉಳ್ಳಾಲ, ಸೋಮೇಶ್ವರ, ಮರವಂತೆಗಳಲ್ಲಿ ಕಡಲ್ಕೊರೆತ ಕಂಡವರಿಗೆ ಇದನ್ನು ಹೇಳಬೇಕಿಲ್ಲ.

ಮುಂದೆ ಬಿಲ್ಲು ಹೇಗೆ ಬದಲಾಗಬಹುದು

2023ರಲ್ಲಿ ಕೇಂದ್ರ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಂತೆ, ಕೃಷಿ ಬಿಟ್ಟು ಉಳಿದೆಲ್ಲ ಗ್ರಾಹಕರೂ ಸ್ಮಾರ್ಟ್ ಮೀಟರ್ ಬಂದ ಮೇಲೆ ಹೊತ್ತಿಗೊಂದು ದರಕ್ಕೆ ಒಳಪಡಬೇಕು. ಬಿಸಿಲಿರುವ ಹೊತ್ತಿನಲ್ಲಿ ದರ ಕನಿಷ್ಠ ಶೇ. 20 ಕಡಿಮೆ, ಬೇಡಿಕೆ ಏರುವ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ ಶೇ. 10 ಹೆಚ್ಚು. ಕರ್ನಾಟಕದಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಹಾಕುವ ನಿರ್ಧಾರ 2025ರಲ್ಲಿ ಬೆಲೆಯ ಕಾರಣಕ್ಕೆ ದೊಡ್ಡ ವಿವಾದವಾಯಿತು. ಯಾವ ವರ್ಷ ಜಾರಿಯಾದರೂ ಹೊಡೆತ ಬೀಳುವುದು ಸೂರ್ಯ ಮುಳುಗಿದ ಮೇಲೆ ಎಸಿ ಹಾಕುವ ಮನೆಗೆ. ಅಂದರೆ ಕಾದ ಸ್ಲ್ಯಾಬು, ಕಾದ ಪಡು ಗೋಡೆಯ ಮನೆಗೆ.

ಈಗಿನ ನೀತಿಯಲ್ಲಿ ಸಹಾಯಧನ ಇರುವುದು ಫಲಕಕ್ಕೆ. ಎರಡನೇ ಮಾಡಿಗೆ, ಜಗಲಿಗೆ, ಪೂರ್ತಿ ತೆರೆಯುವ ಕಿಟಕಿಗೆ ಏನೂ ಇಲ್ಲ. ಐದು ಸೆಂಟ್ಸಿನಲ್ಲಿ ಸುತ್ತ ಬಿಡಬೇಕಾದ ಜಾಗ ಬಿಟ್ಟ ಮೇಲೆ ಮಾಡು ಚಾಚಲು ಎಡೆಯೇ ಉಳಿಯುವುದಿಲ್ಲ. ಜನ ಸಹಜವಾಗಿ ಜಗಲಿ ಕತ್ತರಿಸಿ ಕೋಣೆ ದೊಡ್ಡದು ಮಾಡುತ್ತಾರೆ. ಕರಾವಳಿಯ ಮೂರು ಜಿಲ್ಲೆಗಳಿಗೆ ಪ್ರತ್ಯೇಕ ಕಟ್ಟಡ ಉಪನಿಯಮ ಮಾಡಿ, ಪಡು ಬದಿಯ ಜಗಲಿ ಮತ್ತು ಮಾಡಿನ ಚಾಚನ್ನು ಕಟ್ಟಡದ ವಿಸ್ತೀರ್ಣದ ಲೆಕ್ಕದಿಂದ ಹೊರಗಿಟ್ಟರೆ ಸರ್ಕಾರಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಕ್ಷೆ ಮಂಜೂರು ಮಾಡುವಾಗ ತೆರೆಯಬಲ್ಲ ಕಿಟಕಿಯ ವಿಸ್ತೀರ್ಣ ಬರೆಯಲು ಒಂದು ಸಾಲು ಸೇರಿಸುವುದಕ್ಕೂ ಇಲ್ಲ. ಇಂಥ ನಿಯಮ ಬರುವವರೆಗೆ ಇದನ್ನು ಕೇಳಬೇಕಾದವರು ಮನೆ ಕಟ್ಟಿಸುವವರೇ, ಕೇಳಬೇಕಾದ ಹೊತ್ತು ಅಡಿಪಾಯ ತೋಡುವ ಮೊದಲು. ಫಲಕವನ್ನು ಐದು ವರ್ಷ ಬಿಟ್ಟೂ ಹಾಕಿಸಬಹುದು. ಕೋಣೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಆಮೇಲೆ ಬದಲಿಸಲಾಗದು.